ಡ್ಯೂಟಿ ಡಾಕ್ಟರು, ಹಿರಿಯ ತಜ್ಞರು ಒಟ್ಟಿಗೆ ಕೇಳಬಹುದೇ?

ಪ್ರಶ್ನೆ: ಎಂಬಿಬಿಎಸ್ ಮುಗಿಸಿ ಮಂಡ್ಯದ ಖಾಸಗಿ ಆಸ್ಪತ್ರೆಯೊಂದರಲ್ಲಿ ಡ್ಯೂಟಿ ಡಾಕ್ಟರ್ ಆಗಿದ್ದೇನೆ. 24 ಗಂಟೆಯ ಪಾಳಿ ಮುಗಿದರೂ ಬೆಳಗಿನ ರೌಂಡ್ಸ್ ಆಗುವವರೆಗೆ ಬಿಡುವುದಿಲ್ಲ. ವಿಮೆಯ ಹಣ ಬಂದಿಲ್ಲವೆಂದು ಹಿರಿಯ ಕನ್ಸಲ್ಟೆಂಟರಿಗೂ ಪಾವತಿ ತಡವಾಗುತ್ತಿದೆ. ಸಂಬಳದ ಮಾತೆತ್ತಿದರೆ ಆಡಳಿತದವರು ಒಬ್ಬೊಬ್ಬರನ್ನೇ ಕರೆದು ಮಾತನಾಡುತ್ತಾರೆ. ಹಿರಿಯರೊಂದಿಗೆ ಸೇರಿ ಕೇಳುವುದು ಸರಿಯೇ? ಬಿಟ್ಟರೆ ಎರಡು ವರ್ಷ ಮಂಡ್ಯದಲ್ಲಿ ಬೇರೆಲ್ಲಿಯೂ ಕೆಲಸ ಮಾಡಬಾರದೆಂಬ ಷರತ್ತಿಗೂ ಸಹಿ ಹಾಕಿದ್ದೇನೆ.
– ಓದುಗರೊಬ್ಬರು, ಮಂಡ್ಯ

ಉತ್ತರ: ಸೇರಿಯೇ ಕೇಳಿ, ಆದರೆ ಸಂಬಳದ ಮೊತ್ತಕ್ಕಿಂತ ಮೊದಲು ಕೆಲಸದ ವೇಳೆಯನ್ನು ಮಾತಿಗೆ ತನ್ನಿ. ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ನೀಡಿದ ತೀರ್ಪು ಆಸ್ಪತ್ರೆಗಳನ್ನೂ ಕೈಗಾರಿಕೆಯ ವ್ಯಾಪ್ತಿಗೆ ತಂದಿತಾದರೂ, ಚಿಕಿತ್ಸೆ ನೀಡುವ ವೈದ್ಯರನ್ನು ಕಾರ್ಮಿಕರೆಂದು ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪಿಲ್ಲ; ಕಾರ್ಮಿಕ ಕಾನೂನಿನ ರಕ್ಷಣೆಯನ್ನು ನೀವು ನೆಚ್ಚುವಂತಿಲ್ಲ. ಹೀಗಾಗಿ ನಿಮ್ಮ ಬಲವೆಲ್ಲ ಬರವಣಿಗೆಯ ಒಪ್ಪಂದದಲ್ಲಿಯೇ ಇದೆ.

ಆ ಕಾಗದವನ್ನು ತೆಗೆದು ನೋಡಿ. ಶೇ 10ರಷ್ಟು ತೆರಿಗೆ ಮುರಿದುಕೊಂಡು ‘ವೃತ್ತಿ ಶುಲ್ಕ’ ಎಂದು ಹಣ ಕೊಡುತ್ತಿದ್ದರೆ, ದಿನವೂ ಹಾಜರಿ ಹಾಕಿದರೂ ಲೆಕ್ಕದಲ್ಲಿ ನೀವು ನೌಕರರಲ್ಲ. ಭವಿಷ್ಯ ನಿಧಿ, ಗ್ರ್ಯಾಚುಟಿ, ಸಂಬಳಸಹಿತ ರಜೆ ಇವುಗಳ ಪ್ರಸ್ತಾಪವೇ ಅದರಲ್ಲಿ ಇರಲಾರದು. ಹಲವೆಡೆ ಪ್ರಾಕ್ಟೀಸ್ ಮಾಡುವ ಹಿರಿಯರಿಗೆ ಈ ಏರ್ಪಾಡು ಅನುಕೂಲವಾಗಿರಬಹುದು, ನಿಮಗಲ್ಲ. ಅವರಿಗೆ ಬೇಕಾದದ್ದು ವಿಮೆಯ ಹಣ ಬರಲಿ ಬಿಡಲಿ, ನಿಗದಿತ ತಾರೀಖಿಗೆ ಕೈಸೇರುವ ಕನಿಷ್ಠ ಖಾತರಿ ಮೊತ್ತ. ಬೇಡಿಕೆಗಳು ಬೇರೆಯಾದ್ದರಿಂದ ಮನವಿ ಒಂದೇ ಇರಲಿ, ಭಾಗಗಳು ಎರಡಿರಲಿ, ಎರಡಕ್ಕೂ ಎಲ್ಲರ ಸಹಿ ಇರಲಿ. ಕಿರಿಯರು ಬೇಸತ್ತು ಬಿಟ್ಟುಹೋದರೆ ರಾತ್ರಿ ಎರಡು ಗಂಟೆಗೆ ಐಸಿಯುವಿನಿಂದ ಕರೆ ಬರುವುದು ತಮಗೇ ಎಂಬುದು ಹಿರಿಯರಿಗೆ ಗೊತ್ತಿರುತ್ತದೆ.

ವೇಳೆಯ ವಿಷಯದಲ್ಲಿ ಪುರಾವೆ ಬೇಕು. ಪಾಳಿ ಪುಸ್ತಕದಲ್ಲಿ ಬೆಳಿಗ್ಗೆ 8ರಿಂದ ಮರುದಿನ 8 ಎಂದು ಬರೆದಿರುತ್ತದೆ. ನೀವು ಹೊರಡುವ ಹೊತ್ತಿಗೆ ಮಧ್ಯಾಹ್ನವಾಗಿರುತ್ತದೆ. ಹ್ಯಾಂಡ್‌ಓವರ್ ಕೊಟ್ಟ ನಿಜವಾದ ಸಮಯವನ್ನು, ವಹಿಸಿಕೊಂಡವರ ಸಹಿಯೊಂದಿಗೆ, ಒಂದು ತಿಂಗಳು ಬರೆದಿಡಿ. ರೆಸಿಡೆಂಟ್ ವೈದ್ಯರ (ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ತರಬೇತಿಯ ಜೊತೆಗೆ ಕೆಲಸ ಮಾಡುವವರು) ನಿರಂತರ ಕರ್ತವ್ಯ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಬಾರದು, ಸರದಿಯಂತೆ ವಾರದ ರಜೆ ಕೊಡಬೇಕು ಎಂದು ಕೇಂದ್ರ ಆರೋಗ್ಯ ಸಚಿವಾಲಯ 1992ರಲ್ಲಿಯೇ ಸೂಚಿಸಿದೆ. ಅದು ನಿಮ್ಮ ಆಸ್ಪತ್ರೆಯನ್ನು ಕಟ್ಟಿಹಾಕದು, ಆದರೆ ಮಾತುಕತೆಯಲ್ಲಿ ಅಳತೆಗೋಲಾಗುತ್ತದೆ. (ಸರ್ಕಾರಿ ಕಾಲೇಜುಗಳಲ್ಲಿಯೇ ಅದು ಎಷ್ಟು ಪಾಲನೆಯಾಗಿದೆ ಎಂದು ಆಡಳಿತದವರು ಕೇಳಿಯೇ ಕೇಳುತ್ತಾರೆ, ಸಿದ್ಧರಾಗಿರಿ.) ಒಬ್ಬೊಬ್ಬರನ್ನೇ ಕರೆದರೆ, ಲಿಖಿತ ಉತ್ತರ ಬಂದ ಮೇಲೆ ಎಲ್ಲರೂ ಸೇರಿ ಬರುತ್ತೇವೆಂದು ಸೌಜನ್ಯದಿಂದಲೇ ಹೇಳಿ.

ಇನ್ನು ಷರತ್ತಿನ ಮಾತು. ಕೆಲಸ ಬಿಟ್ಟ ನಂತರವೂ ವೃತ್ತಿ ಮಾಡದಂತೆ ತಡೆಯುವ ಕರಾರು 1872ರ ಕರಾರು ಕಾಯಿದೆಯ 27ನೆಯ ಕಲಮಿನಂತೆ ಸಾಮಾನ್ಯವಾಗಿ ಅಸಿಂಧು. ಅವಧಿಗೆ ಮೊದಲೇ ಬಿಟ್ಟರೆ ಕೊಡಬೇಕೆಂದು ಬರೆಸಿಕೊಂಡ ಬಾಂಡ್ ಹಣವಿದ್ದರೆ ಅದರ ವಿಷಯ ಬೇರೆ. ಅಲ್ಲಿ ನ್ಯಾಯಾಲಯ ಸಮಂಜಸ ಪರಿಹಾರವನ್ನು ಮಾತ್ರ ಕೊಡಿಸಬಹುದು. ಮೂಲ ಅಂಕಪಟ್ಟಿ, ಪದವಿ ಪ್ರಮಾಣಪತ್ರಗಳನ್ನು ಆಸ್ಪತ್ರೆಯವರು ಇಟ್ಟುಕೊಂಡಿದ್ದರೆ, ಮನವಿ ಕೊಡುವ ಮೊದಲೇ ಅವುಗಳನ್ನು ಹಿಂದಕ್ಕೆ ಪಡೆದುಕೊಳ್ಳಿ.