ಪ್ಲೇಟ್‌ಲೆಟ್ ಇಳಿದಿದೆ ಅಂತ ಇಮಾಟಿನಿಬ್ ಬಿಡಿಸಬಹುದಾ?

ಅಮ್ಮನಿಗೆ ಸಿಎಂಎಲ್ ಅನ್ನೋ ರಕ್ತದ ಕ್ಯಾನ್ಸರ್, ಅದರ ಮಾತ್ರೆ ಇಮಾಟಿನಿಬ್ ಶುರುವಾಗಿ ಎರಡು ತಿಂಗಳಿಗೆ ಪ್ಲೇಟ್‌ಲೆಟ್ 95 ಸಾವಿರಕ್ಕೆ ಬಂದಿದೆ, ಮಾತ್ರೆ ಬೋನ್ ಮ್ಯಾರೋ (ರಕ್ತಕಣ ಹುಟ್ಟುವ ಮೂಳೆಯ ಮಜ್ಜೆ) ಸುಡುತ್ತಿದೆ, ಸ್ವಲ್ಪ ದಿನ ಬಿಡಿಸಲಾ ಅಂತ ಕೇಳಿದ್ದೀರಿ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಲ್ಯಾಬಿನ ಮೆಟ್ಟಿಲ ಮೇಲೆ ರಿಪೋರ್ಟ್ ಹಿಡಿದು ನಿಂತಾಗ ನಾನೂ ಇದನ್ನೇ ಅಂದುಕೊಂಡಿದ್ದೆ.

ನನಗೂ ಇದೇ ರೋಗ, ದಿನಕ್ಕೆ 400 ಮಿಲಿಗ್ರಾಂ ಇಮಾಟಿನಿಬ್ ಕೊಟ್ಟಿದ್ದರು. ರೋಗ ಗೊತ್ತಾದಾಗ ಬಿಳಿ ರಕ್ತಕಣ 1,80,000 ಇತ್ತು. ಮೂರು ತಿಂಗಳಿಗೆ 2,900, ಪ್ಲೇಟ್‌ಲೆಟ್ 88 ಸಾವಿರ. ಡಾಕ್ಟರು ಮುಂದುವರಿಸಿ ಅಂದರು. ನಾನು ಅವರಿಗೆ ಹೇಳದೆ ಬಿಟ್ಟೆ. ಕಣ್ಣು ಊದುತ್ತಿತ್ತು, ರಾತ್ರಿ ಕಾಲು ಹಿಡಿಯುತ್ತಿತ್ತು, ತೊಗರಿ ಬಿತ್ತನೆ ಬೇರೆ ಎದುರಿಗಿತ್ತು, ನೆಪಕ್ಕೇನು ಕಡಿಮೆ. ಪಪ್ಪಾಯಿ ಎಲೆ ರಸ ಕುಡಿದೆ. ಮೂರೇ ವಾರಕ್ಕೆ ಬಿಳಿ ಕಣ 7,800, ಪ್ಲೇಟ್‌ಲೆಟ್ 2,10,000! ರಿಪೋರ್ಟ್ ಊರಿಗೆಲ್ಲ ತೋರಿಸಿದೆ, ಮನೆಯಲ್ಲಿ ಶಿರಾ ಮಾಡಿಸಿದೆ.

ಮೋಸ ಹೋಗಿದ್ದು ಅಲ್ಲೇ. ಸಿಬಿಸಿ ಅನ್ನೋ ರಕ್ತ ಪರೀಕ್ಷೆ ಕಣ ಎಣಿಸುತ್ತದೆ ಅಷ್ಟೇ. ಅವು ಯಾವ ಬೇರಿನಿಂದ ಬಂದವು ಅಂತ ಹೇಳುವುದಿಲ್ಲ. ಎರೆ ಹೊಲದಲ್ಲಿ ಕರಿಕೆ ಹಬ್ಬಿದ ಹಾಗೆ ರೋಗದ ಕಣಗಳು ಮಜ್ಜೆ ತುಂಬಾ ಹಬ್ಬಿ ಒಳ್ಳೆಯ ಕಣಗಳಿಗೆ ಜಾಗವೇ ಬಿಟ್ಟಿರುವುದಿಲ್ಲ. ಮಾತ್ರೆ ಅವನ್ನು ಕೊಂದಾಗ ಹೊಲ ಬೋಳಾಗುತ್ತದೆ, ಒಳ್ಳೆಯ ಬೀಜ ಚಿಗುರೋಕೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಬೇಕು, ಆ ನಡುವೆಯೇ ಕೌಂಟ್ ಇಳಿಯುವುದು. ಮಾತ್ರೆಗೆ ಪೂರ್ತಿ ಕ್ಲೀನ್ ಚಿಟ್ ಕೊಡುತ್ತಿಲ್ಲ. ಒಳ್ಳೆಯ ಕಣಗಳು ಬೆಳೆಯೋಕೆ ಬಳಸುವ ‘ಕಿಟ್’ ಅನ್ನೋ ಪ್ರೋಟೀನನ್ನೂ ಅದು ತಡೆಯುತ್ತದೆ. ಆದರೆ ರೋಗದ ಮೂಲ ಕಣಗಳಲ್ಲಿ ಕೆಲವು ಮಜ್ಜೆಯ ಸಂದಿಯಲ್ಲಿ, ಅಕ್ಕಪಕ್ಕದ ಕಣಗಳ ಆಸರೆಯಲ್ಲಿ ಮಲಗಿರುತ್ತವೆ. ಮಾತ್ರೆಗೂ ಅವು ಸಾಯುವುದಿಲ್ಲ. ಕುಂಟೆ ಹೊಡೆದ ಮೇಲೂ ಕರಿಕೆ ಬೇರು ಉಳಿಯುತ್ತದಲ್ವಾ, ಹಾಗೆ. ನಾನು ಹೊಲ ಹಸಿರಾಯಿತು ಅಂತ ಹಿಗ್ಗಿದೆ, ಎದ್ದಿದ್ದು ಕರಿಕೆ. ಐದು ವಾರಕ್ಕೆ ಬಿಸಿಆರ್-ಎಬಿಎಲ್ (ರೋಗದ ಜೀನ್ ರಕ್ತದಲ್ಲಿ ಎಷ್ಟಿದೆ ಅನ್ನೋ ಅಳತೆ) 7ರಿಂದ 46 ಪರ್ಸೆಂಟಿಗೆ ಹೋಗಿತ್ತು.

ಮತ್ತೆ ಅದೇ ಮಾತ್ರೆ ಶುರು ಮಾಡಿದರೆ ರೋಗ ಮೊದಲಿನ ಹಾಗೆ ಬಗ್ಗಲಿಲ್ಲ. ದಸಾಟಿನಿಬ್ ಅನ್ನೋ ಬೇರೆ ಮಾತ್ರೆ ಕೊಟ್ಟರು. ಅದರಿಂದ ಶ್ವಾಸಕೋಶದ ಸುತ್ತ ನೀರು ತುಂಬಿ, ಬೆನ್ನಿಗೆ ಸೂಜಿ ಹಾಕಿ ತೆಗೆಸಿಕೊಂಡೆ.

ಬಿಡಿಸೋದು ನಿಮ್ಮ ಕೈಯ ಕೆಲಸವೇ ಅಲ್ಲ ರೀ. ಸಾಮಾನ್ಯವಾಗಿ ನ್ಯೂಟ್ರೋಫಿಲ್ (ಸೋಂಕಿನ ಜೊತೆ ಹೋರಾಡುವ ಬಿಳಿ ಕಣ) 1,000ಕ್ಕಿಂತ ಅಥವಾ ಪ್ಲೇಟ್‌ಲೆಟ್ 50 ಸಾವಿರಕ್ಕಿಂತ ಕೆಳಗಿಳಿದರೆ ಡಾಕ್ಟರೇ ನಿಲ್ಲಿಸುತ್ತಾರೆ, 1,500 ಮತ್ತು 75 ಸಾವಿರ ಮುಟ್ಟಿದ ಮೇಲೆ ಮತ್ತೆ ಶುರು ಮಾಡುತ್ತಾರೆ. ಅಮ್ಮನ ಪ್ಲೇಟ್‌ಲೆಟ್ ಇನ್ನೂ ಅಲ್ಲಿಗೆ ಬಂದಿಲ್ಲ. ಜ್ವರ ಬಂದರೆ, ವಸಡಿನಲ್ಲಿ ರಕ್ತ ಕಂಡರೆ ಅವತ್ತೇ ಓಡಿ. ಇಲ್ಲದಿದ್ದರೆ ಮೂರನೇ ತಿಂಗಳ ಬಿಸಿಆರ್-ಎಬಿಎಲ್ 10 ಪರ್ಸೆಂಟಿಗಿಂತ ಕೆಳಗೆ ಬಂತಾ ಅಂತ ಮಾತ್ರ ಕೇಳಿ. ಪಪ್ಪಾಯಿ ಎಲೆ ಹಿಡಿದು ಬರುವ ನೆಂಟರಿಗೆ ಚಹಾ ಕೊಟ್ಟು ಕಳಿಸಿ.