ಸಹಿ ಹಾಕಿದ ಕೈ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. 38 ವರ್ಷದ ಆ ಮಹಿಳೆ ಬಂದದ್ದು ನಿದ್ರಾಹೀನತೆಯ ದೂರಿನೊಂದಿಗೆ. ನಸುಕಿನ ನಾಲ್ಕಕ್ಕೆ ಎಚ್ಚರವಾದರೆ ಮತ್ತೆ ಕಣ್ಣು ಹತ್ತುವುದಿಲ್ಲ ಎಂದರು. ಎರಡು ಭೇಟಿಗಳು ಕಚೇರಿಯ ಒತ್ತಡದ ಮಾತಿನಲ್ಲೇ ಕಳೆದವು. ಮೂರನೆಯ ಸಲ, ನಾಲ್ಕು ಗಂಟೆಗೇ ಏಕೆ ಎಂದು ಕೇಳಿದಾಗ, ಬಹಳ ಹೊತ್ತು ಸುಮ್ಮನಿದ್ದು, ‘ಅದು ನನ್ನನ್ನು ಎಬ್ಬಿಸುತ್ತಿದ್ದ ಹೊತ್ತು’ ಎಂದರು.

ಅದು ಅವರ ಬೆಕ್ಕು. ಅವರಿಗೆ 19 ತುಂಬಿದಾಗ ಮನೆಗೆ ಬಂದ ಆ ಮರಿ ಓದು, ಮೊದಲ ಕೆಲಸ, ತಂದೆಯ ಸಾವು, ಮುರಿದ ಮದುವೆ, ನಾಲ್ಕು ಬಾಡಿಗೆ ಮನೆಗಳು, ಇವೆಲ್ಲದರ ನಡುವೆಯೂ ಜೊತೆಗಿತ್ತು. ಮೂತ್ರಪಿಂಡ ಸೋತ ಮೇಲೆ ಎಂಟು ತಿಂಗಳು ಮನೆಯಲ್ಲೇ ಚರ್ಮದಡಿ ದ್ರವ ಕೊಡುತ್ತಾ ಅದನ್ನು ಉಳಿಸಿಕೊಂಡಿದ್ದರು. ಕೊನೆಗೆ ಅದು ಅನ್ನನೀರು ಬಿಟ್ಟಾಗ, ಪಶುವೈದ್ಯರ ಸಲಹೆಯಂತೆ ದಯಾಮರಣದ ಒಪ್ಪಿಗೆಗೆ ಸಹಿ ಹಾಕಿದರು. ‘ಬೆಕ್ಕು ತಾನೇ, ಇನ್ನೊಂದು ತಂದುಕೋ’ ಎಂದರಂತೆ ಮನೆಯವರು. ಅಂದಿನಿಂದ ಅವರು ಅದರ ಹೆಸರನ್ನೇ ಎತ್ತಿರಲಿಲ್ಲ. ಸುತ್ತಲಿನವರು ಒಪ್ಪಿಕೊಳ್ಳದ ಇಂಥ ದುಃಖವನ್ನು ಶೋಕದ ಅಧ್ಯಯನಕಾರ ಕೆನೆತ್ ಡೋಕಾ ಅವರು 1989ರ ಗ್ರಂಥದಲ್ಲಿ ಮಾನ್ಯತೆ ಸಿಗದ ಶೋಕವೆಂದು ಗುರುತಿಸಿದ್ದಾರೆ. ಅಳಲು ಜಾಗವಿಲ್ಲದ ಈ ದುಃಖ ನಿದ್ರೆಯೊಳಗೆ ನುಸುಳುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಅವರನ್ನು ಕೊರೆಯುತ್ತಿದ್ದುದು ಎರಡು ಪ್ರಶ್ನೆಗಳು. ರೋಗವನ್ನು ಮೊದಲೇ ಏಕೆ ಗುರುತಿಸಲಿಲ್ಲ ಎಂಬುದಕ್ಕೆ ಸಾಂತ್ವನಕ್ಕಿಂತ ಮಾಹಿತಿ ಬೇಕಿತ್ತು. ಮೂತ್ರಪಿಂಡದ ಕಾರ್ಯಶಕ್ತಿ ಸುಮಾರು ಮುಕ್ಕಾಲು ಪಾಲು ಕುಗ್ಗುವವರೆಗೂ ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಏರುಪೇರು ಕಾಣದಿರಬಹುದು. ಬೆಕ್ಕಂತೂ ನೋವನ್ನು ಬಚ್ಚಿಡುವ ಪ್ರಾಣಿ. ನನ್ನ ಮಾತನ್ನಷ್ಟೇ ನಂಬದೆ ಪಶುವೈದ್ಯರನ್ನೇ ಕೇಳಿ ಬರಲು ಕಳುಹಿಸಿದೆ. ಚುಚ್ಚುಮದ್ದು ಕೊಟ್ಟಾಗ ಅದಕ್ಕೆ ಗೊತ್ತಾಯಿತೇ ಎಂದೂ ಅವರು ಅಲ್ಲಿ ಕೇಳಿದರು. ಅದು ಅಧಿಕ ಪ್ರಮಾಣದ ಅರಿವಳಿಕೆ, ಮೊದಲು ಪ್ರಜ್ಞೆ ಹೋಗುತ್ತದೆ, ಹೃದಯ ನಿಲ್ಲುವುದು ಅನಂತರ ಎಂಬ ಉತ್ತರ ಕೇಳಿ ಅಲ್ಲೇ ಅತ್ತರಂತೆ.

ಸಹಿ ಹಾಕಿದ್ದು ಸರಿಯೇ ಎಂಬ ಎರಡನೆಯ ಪ್ರಶ್ನೆ ಕಠಿಣವಾಗಿತ್ತು. ‘ನೀವು ಮಾಡಿದ್ದೇ ಸರಿ’ ಎಂದು ನಾನು ತೀರ್ಪು ಕೊಡಲಿಲ್ಲ. ಹಾಗೆ ಹೇಳಿದರೆ ಅಪರಾಧಭಾವ ಇನ್ನಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ನನ್ನ ಅನುಭವ. ಕೊನೆಯ 30 ದಿನಗಳನ್ನು ದಿನಕ್ಕೊಂದು ಸಾಲಿನಂತೆ ನೆನೆದು ಬರೆಯಿರಿ ಎಂದೆ: ತಿಂದಿತೇ, ಮೈ ನೆಕ್ಕಿಕೊಂಡಿತೇ, ತೊಡೆ ಏರಿತೇ. ಕೊನೆಯ 11 ಸಾಲುಗಳಲ್ಲಿ ಮೂರಕ್ಕೂ ಇಲ್ಲವೆಂದೇ ಇತ್ತು. ಪ್ರತಿ ಸಾಲಿನಲ್ಲೂ, ನಾನು ಕೇಳದಿದ್ದರೂ, ದ್ರವ ಕೊಟ್ಟ ಹೊತ್ತನ್ನು ಅವರು ಬರೆದಿದ್ದರು. ಆ ಕೈಯೇ ಸಹಿ ಹಾಕಿದ್ದೆಂದು ತೋರಿಸಿದೆ.

ಉಳಿದ ಸಲಹೆಗಳು ಚಿಕ್ಕವು. ಎಚ್ಚರವಾದರೆ ಹೊರಳಾಡದೆ ಎದ್ದು, ಅದು ಕೂರುತ್ತಿದ್ದ ಕಿಟಕಿಯ ಬಳಿ ಸ್ವಲ್ಪ ಹೊತ್ತು ಕೂರಬೇಕು. ಬಟ್ಟಲನ್ನು ತೆಗೆದಿಡಲು ಮನಸ್ಸು ಬಂದಾಗಲೇ ತೆಗೆಯಬೇಕು. ಬೇರೆಯವರ ಒತ್ತಾಯಕ್ಕೆ ಇನ್ನೊಂದು ಮರಿಯನ್ನು ತರಬಾರದು. ಊಟ, ಕೆಲಸ ಎರಡೂ ಕೈಬಿಡುವಂತಾದರೆ ತಡಮಾಡದೆ ಮನೋವೈದ್ಯರನ್ನು ಕಾಣಬೇಕು.

ಏಳನೆಯ ಭೇಟಿಯಲ್ಲಿ ಅವರು ಅದರ ಹೆಸರು ಹೇಳಿದರು. ನಾಲ್ಕಕ್ಕೆ ಈಗಲೂ ಎಚ್ಚರವಾಗುತ್ತದೆ. ಕಿಟಕಿಯ ಬಳಿ ಕೂತಿದ್ದು, ಐದರ ಹೊತ್ತಿಗೆ ಮತ್ತೆ ಮಲಗುತ್ತಾರೆ.