ಅಮೆರಿಕದಲ್ಲಿ ಕೋಲ್ಟ್ 1851 ನೇವಿಯ ಹಳೆಯ ನಕಲೊಂದು ಮಾರಾಟಕ್ಕಿದೆ. ಈ ಕಪ್ಪು ಮದ್ದಿನ ರಿವಾಲ್ವರ್‌ಗೆ ಎಷ್ಟು ಕೊಡಬಹುದು?

ಕೈಗೆತ್ತಿಕೊಂಡ ಕೂಡಲೇ ಸಿಲಿಂಡರಿನ ಆರೂ ಗೂಡುಗಳು ಖಾಲಿ ಇವೆಯಾ ನೋಡಿ. ಕ್ಯಾಪ್ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಟೋಪಿ) ಇಲ್ಲ ಅಂದ ಮಾತ್ರಕ್ಕೆ ಮದ್ದು ಇಲ್ಲ ಅಂತಲ್ಲ.

ಆಮೇಲೆ ಫ್ರೇಮ್, ಅಂದರೆ ಸಿಲಿಂಡರ್ ಕೂರುವ ಚೌಕಟ್ಟು. ಹಿತ್ತಾಳೆಯದಾದರೆ ಸಿಲಿಂಡರ್ ತೆಗೆಸಿ, ಅದರ ಹಿಂಬದಿಗೆ ತಾಗುವ ಫ್ರೇಮಿನ ಭಾಗವನ್ನು ಬೆಳಕಿಗೆ ಹಿಡಿದು ನೋಡಿ. ಹಿತ್ತಾಳೆ ಮೆದು. ಜಾಸ್ತಿ ಮದ್ದು ತುಂಬಿ ಹೊಡೆದಿದ್ದರೆ ಸಿಲಿಂಡರ್ ಬಡಿದು ಉಂಗುರದಂಥ ಅಚ್ಚು ಬಿದ್ದಿರುತ್ತದೆ. ಅಂಥದ್ದನ್ನು ಗೋಡೆಗೆ ತೂಗುಹಾಕಲು ಮಾತ್ರ ತಗೊಳ್ಳಿ. ಗುಂಡು ಹೊಡೆಯುವ ಆಸೆ ಇದ್ದರೆ ಉಕ್ಕಿನ ಫ್ರೇಮೇ ಸರಿ, ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ನಳಿಗೆಯೊಳಗೆ ಟಾರ್ಚ್ ಬಿಡಿ. ಕಪ್ಪು ಮದ್ದಿನ ಮಸಿ ತೇವ ಹೀರುತ್ತದೆ, ತೊಳೆಯದೆ ಇಟ್ಟರೆ ಬೇಗ ತುಕ್ಕು. ಮೇಲೆ ಫಳಫಳ ಅಂದರೂ ಒಳಗೆ ಗುಳಿ ಬಿದ್ದಿರಬಹುದು. ರಿವಾಲ್ವರಿನ ಹಿಂಬದಿಯ ಸುತ್ತಿಗೆಯನ್ನು (ಹ್ಯಾಮರ್) ನಿಧಾನವಾಗಿ ಪೂರ್ತಿ ಎಳೆಯಿರಿ. ಸಿಲಿಂಡರ್ ಟಕ್ ಅಂತ ಕೂತು, ಅಲುಗಾಡದೆ ನಿಲ್ಲಬೇಕು.

ಇಟಲಿಯ ಉಬೆರ್ಟಿ, ಪಿಯೆಟ್ಟಾ ಕಂಪನಿಗಳ ನಕಲುಗಳಲ್ಲಿ ಸಾಮಾನ್ಯವಾಗಿ ಪುಟ್ಟ ಚೌಕದೊಳಗೆ ಎರಡು ಅಕ್ಷರ ಇರುತ್ತವೆ. ಅದು ತಯಾರಾದ ವರ್ಷ. ಎಎ ಅಂದರೆ 1975. ಆದರೆ ಹಳೆಯದು ಅಂತ ಸುಮ್ನೆ ಜಾಸ್ತಿ ಕೊಡಬೇಡಿ, ಇದು ಪುರಾತನ ವಸ್ತುವಲ್ಲ ಅಲ್ವಾ. ಅಸಲಿ ನೇವಿ .36 ಕ್ಯಾಲಿಬರ್ (ನಳಿಗೆಯ ಅಳತೆ) ನದು. .44 ಅಂತಿದ್ದರೆ ಇತಿಹಾಸದ ಆಸಕ್ತರು ಅಷ್ಟು ಬೆಲೆ ಕಟ್ಟುವುದಿಲ್ಲ. ಅದೇ ಮಾದರಿಯ ಹೊಸದರ ಬೆಲೆ ನೋಡಿಕೊಂಡೇ ಚೌಕಾಸಿಗೆ ಕೂರಿ.